ಅಕ್ಕನಿಗೆ ಕೊಡದೇ ಹೋದ ಆಷಾಢದ ನೇರಳೆ

ನನ್ನ ಅಕ್ಕ ತವರಿನಿಂದ ಕೇಳಿದ್ದು ಒಂದೇ ಒಂದು ಗಿಡ. ಅದನ್ನು ನಾನು ಮಾಡಿಕೊಡಲಿಲ್ಲ. ಮಾಡಿಕೊಡಲಿಲ್ಲ ಎಂದು ಹೇಳಲೂ ಇಲ್ಲ. ಬೇರೆ ಗಿಡವೊಂದನ್ನು ತಂದುಕೊಟ್ಟು, ಇದೇ ಅದು ಎಂದು ಹೇಳಿ, ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬರವಣಿಗೆ ಅಂತ ನಾನು ಮಾಡಿರುವುದು ನರ್ಸರಿಯ ಚೀಟಿಗಳನ್ನು ಬರೆಯುವುದು ಮಾತ್ರ. ಗಿಡದ ಹೆಸರು, ಕಸಿ ಕಟ್ಟಿದ ತಿಂಗಳು, ಅಷ್ಟೇ. ದಾರದಲ್ಲಿ ಪೋಣಿಸಿ ಕಾಂಡಕ್ಕೆ ಕಟ್ಟುತ್ತೇವೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಚೀಟಿ ಬರೆದೆನೋ ಗೊತ್ತಿಲ್ಲ. ತಿಳಿದೂ ತಿಳಿದೂ ಸುಳ್ಳು ಬರೆದದ್ದು ಒಂದೇ ಚೀಟಿಯಲ್ಲಿ, ಅದನ್ನು ಕಟ್ಟಿದ್ದು ಅಕ್ಕನ ಗಿಡಕ್ಕೆ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕು. ಊರ ಪಡುವಣಕ್ಕೆ ನಮ್ಮ ತಾತನ ಹೊಲ, ಹೊಲದ ನಡುವೆ ಅಗಲವಾದ ಒಂದು ಬದು, ಬದುವಿನ ಮೇಲೆ ನೇರಳೆ ಮರ. ನೇರಳೆ ಎಂದ ತಕ್ಷಣ ಜನ ಫ್ಲೈಓವರ್ ಕೆಳಗೆ ತಳ್ಳುಗಾಡಿಯಲ್ಲಿ ರಾಶಿ ಹಾಕಿರುತ್ತಾರಲ್ಲ, ಅದನ್ನೇ ನೆನೆಸಿಕೊಳ್ಳುತ್ತಾರೆ. ಇದು ನನಗೆ ಸಿಟ್ಟು ಬರಿಸುವ ವಿಷಯ. ಮಾವು ಎಂದರೆ ಬಾದಾಮಿಯೋ ರಸಪುರಿಯೋ ಎಂದು ಕೇಳುತ್ತಾರೆ. ಚಕ್ಕೋತ ಎಂದರೆ ದೇವನಹಳ್ಳಿಯದೇ ಆಗಬೇಕು ಎನ್ನುತ್ತಾರೆ. ನೇರಳೆಗೆ ಮಾತ್ರ ಆ ಮರ್ಯಾದೆ ಇಲ್ಲ. ದೊಡ್ಡದಾದರೆ ಜಂಬುನೇರಳೆ, ಚಿಕ್ಕದಾದರೆ ನಾಯಿನೇರಳೆ, ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಐದಾರು ಊರುಗಳಲ್ಲಿ ಆಷಾಢದ ನೇರಳೆ ಅಂತ ಒಂದು ಜಾತಿ ಇತ್ತು. ಉಳಿದ ನೇರಳೆಗಳೆಲ್ಲ ಜ್ಯೇಷ್ಠದಲ್ಲಿ ಹಣ್ಣಾಗಿ ಉದುರಿ ಮುಗಿದ ಮೇಲೆ ಇದು ಬಣ್ಣ ತಿರುಗುತ್ತಿತ್ತು. ಹಣ್ಣು ದೊಡ್ಡದೇನಲ್ಲ, ಹೆಬ್ಬೆರಳಿನ ತುದಿಯಷ್ಟು, ಒಂದು ಕಡೆ ಸ್ವಲ್ಪ ಬಾಗಿದ್ದು. ಮೇಲೆ ಬೂದಿ ಸವರಿದ ಹಾಗೆ ಬಿಳಿಚು, ಬೆರಳಿನಿಂದ ಒರೆಸಿದರೆ ಒಳಗೆ ಕಡುಗಪ್ಪು. ಬೀಜ ಸಣ್ಣದು. ಗಂಟಲು ಹಿಡಿಯುವ ಒಗರು ಇರಲಿಲ್ಲ. ಸಿಪ್ಪೆ ಸ್ವಲ್ಪ ದಪ್ಪ, ಹಾಗಾಗಿ ಆಷಾಢದ ಜಿಟಿಜಿಟಿ ಮಳೆಗೆ ಒಡೆಯುತ್ತಿರಲಿಲ್ಲ. ಮರ ಹತ್ತುವ ಕೆಲಸವೂ ಇರಲಿಲ್ಲ, ಆಷಾಢದ ಗಾಳಿಯೇ ಉದುರಿಸುತ್ತಿತ್ತು. ಕೆಳಗೆ ನಾಲ್ಕು ಜನ ಹಳೇ ಸೀರೆ ಹಿಡಿದು ನಿಂತರೆ ಸಾಕು.

ಆ ನಾಲ್ಕು ಜನ ಯಾವಾಗಲೂ ಹೆಂಗಸರೇ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಮೊದಲ ಆಷಾಢಕ್ಕೆ ತವರಿಗೆ ಬರುವುದು ಎಲ್ಲ ಕಡೆ ಇರುವಂಥದ್ದೇ. ನಮ್ಮೂರಲ್ಲಿ ಆ ತಿಂಗಳ ನೇರಳೆ ಅವರ ಪಾಲಿನದು. ಅವರು ತಿಂದು, ಸಾಕು ಎಂದ ಮೇಲೆ ಮಿಕ್ಕವರು. ಯಾವನಾದರೂ ಗಂಡಸು ಮರದ ಹತ್ತಿರ ಸುಳಿದರೆ, "ಯಾಕಪ್ಪಾ, ನೀನೂ ಅತ್ತೆ ಕಾಟ ತಡೀಲಾರ್ದೆ ತವರಿಗೆ ಬಂದ್ಬಿಟ್ಯಾ?" ಎಂದು ಕೇಳಿ ಓಡಿಸುತ್ತಿದ್ದರು. ಮನೆಯಲ್ಲಿ ಹೇಳಲಾಗದ ಮಾತನ್ನೆಲ್ಲ ಆ ಹುಡುಗಿಯರು ಬದುವಿನ ಮೇಲೆ ಕೂತು ಹೇಳಿಕೊಳ್ಳುತ್ತಿದ್ದರು. ಉಪ್ಪು ಸವರಿದ ಹಣ್ಣು ತಿಂದು, ನಾಲಗೆ ನೀಲಿ ಮಾಡಿಕೊಂಡು, ಅತ್ತು, ನಕ್ಕು, ಶ್ರಾವಣ ಬಂದಾಗ ಗಂಡನ ಮನೆಗೆ ಹೊರಡುತ್ತಿದ್ದರು. ನನ್ನ ಅಕ್ಕನೂ ಹಾಗೇ ಬಂದಿದ್ದಳು, ಹಾಗೇ ಹೋದಳು.

ಅಪ್ಪ, ಚಿಕ್ಕಪ್ಪ ಇಬ್ಬರೂ ಹೋದ ಮೇಲೆ ಹೊಲ ಭಾಗವಾಯಿತು. ನನಗೊಂದು ಪಾಲು, ಚಿಕ್ಕಪ್ಪನ ಮಗನಿಗೊಂದು ಪಾಲು. ಅಳತೆ ಮಾಡಿದಾಗ ಬದು ಅವನ ಕಡೆಗೆ ಬಿತ್ತು, ಮರವೂ ಅವನದಾಯಿತು. ಅವನು ಆಗಲೇ ಲೇಔಟ್‌ನವರ ಜೊತೆ ಮಾತಾಡಿಕೊಂಡಿದ್ದ. ನನ್ನ ಪಾಲು ನನ್ನ ಹೆಸರಿಗೆ ಆಗಬೇಕಾದರೆ ಅಕ್ಕ ತನ್ನ ಹಕ್ಕು ಬಿಟ್ಟೆ ಎಂದು ಬರೆದುಕೊಡಬೇಕಿತ್ತು. ಫೋನು ಮಾಡಿದೆ. ಒಂದು ಮಾತೂ ಆಡದೆ, ಭಾವನನ್ನು ಕರೆದುಕೊಂಡು, ಎರಡು ಬಸ್ಸು ಬದಲಾಯಿಸಿ ಬಂದಳು.

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ನಮ್ಮ ಸರದಿಗೆ ಕಾಯುತ್ತಿದ್ದೆವು. ಭಾವ ಒಳಗೆ ಹೋಗಿದ್ದ.

"ನಂಗೆ ಭಾಗ ಗೀಗ ಏನೂ ಬೇಡ ಕಣೋ," ಎಂದಳು ಅಕ್ಕ. "ಒಂದು ಕೆಲ್ಸ ಮಾಡು. ಮರ ಅವ್ನ ಕಡೆ ಹೋಯ್ತಂತಲ್ಲ. ಅವ್ನು ಇಟ್ಕೊಳ್ಳೋ ಪೈಕಿ ಅಲ್ಲ. ಕಡಿಯೋಕ್ಮುಂಚೆ ಅದ್ರಿಂದ ನಂಗೊಂದು ಗಿಡ ಕಸಿ ಮಾಡ್ಕೊಡು."

"ಒಂದ್ಯಾಕಕ್ಕ, ಹತ್ತು ಮಾಡ್ಕೊಡ್ತೀನಿ."

"ಹತ್ತು ಅನ್ನೋನು ಒಂದೂ ಮಾಡಲ್ಲ. ಒಂದು ಮಾಡು ಸಾಕು."

ನಾನು ನಕ್ಕೆ. ಅವಳು ನಗಲಿಲ್ಲ. "ಮೊದಲನೇ ಆಷಾಢದಲ್ಲಿ ಆ ಮರದ ಕೆಳಗೆ ಒಂದು ತಿಂಗ್ಳು ಕೂತು ಹೋಗ್ದೆ ಇದ್ದಿದ್ರೆ ನಾನು ಆ ಮನೇಲಿ ಬಾಳ್ತಾನೇ ಇರ್ಲಿಲ್ಲ ಕಣೋ. ಅವ್ವಂಗೆ ಗೊತ್ತಿತ್ತು. ಈಗ ನನ್ ಮಗ್ಳು ಬೆಳೀತಾವ್ಳೆ. ನಾಳೆ ಅವ್ಳು ಮದ್ವೆ ಆಗಿ ಮೊದಲನೇ ಆಷಾಢಕ್ಕೆ ಬರ್ತಾಳಲ್ಲ, ಅವತ್ತು ಅವಳ ಕೈಗೆ ನಾನು ಆ ಹಣ್ಣು ಇಡ್ಬೇಕು. ನಂಗೆ ಇನ್ನೇನೂ ಆಸೆ ಇಲ್ಲ."

ಒಳಗಿನಿಂದ ಕೂಗಿದರು. ಅಕ್ಕ ಹೋಗಿ ಕ್ಯಾಮೆರಾ ಮುಂದೆ ಕೂತಳು, ಹೆಬ್ಬೆಟ್ಟು ಒತ್ತಿದಳು, ಸಹಿ ಹಾಕಿದಳು. ಹೊಲ ನನ್ನದಾಯಿತು.

ನನಗೆ ಕಸಿ ಹೊಸದಲ್ಲ. ಮಾಕಳಿದುರ್ಗಕ್ಕೆ ಹೋಗುವ ದಾರಿಯ ಒಂದು ನರ್ಸರಿಯಲ್ಲಿ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದೇ ನನ್ನ ಹೊಟ್ಟೆಪಾಡು, ಮನೆಯೂ ಅಲ್ಲೇ ಹತ್ತಿರದಲ್ಲಿ. ಭಾನುವಾರ ಬೆಟ್ಟ ಹತ್ತಿ ಬಂದವರು ಕಾರು ನಿಲ್ಲಿಸಿ ನಾನು ಕಟ್ಟಿದ ಸಪೋಟ, ಸೀಬೆ ಕೊಂಡುಹೋಗುತ್ತಾರೆ. ಊರವರಿಗೆಲ್ಲ ಮಾಡಿಕೊಡುವ ಕೆಲಸ ಒಡಹುಟ್ಟಿದವಳಿಗೆ ಮಾಡಿಕೊಡಲು ಎಷ್ಟು ಹೊತ್ತು?

ಶಿವರಾತ್ರಿ ಕಳೆದ ಮೇಲೆ ಕೆಲಸ ಶುರು ಮಾಡಿದೆ. ನೇರಳೆಗೆ ಕಸಿ ಕಟ್ಟಬೇಕಾದರೆ ಕಡ್ಡಿಯನ್ನು ಮರದಲ್ಲೇ ಹದ ಮಾಡಬೇಕು. ಪೆನ್ಸಿಲ್ ದಪ್ಪದ, ಹಣ್ಣು ಬಿಟ್ಟು ಅನುಭವ ಇರುವ ರೆಂಬೆ ನೋಡಿ, ಅದರ ಎಲೆಗಳನ್ನು ತೊಟ್ಟು ಮಾತ್ರ ಉಳಿಯುವಂತೆ ಕತ್ತರಿಸಿ ಬಿಡಬೇಕು. ಎಂಟು ಹತ್ತು ದಿನಕ್ಕೆ ಒಣಗಿದ ತೊಟ್ಟು ಮುಟ್ಟಿದರೆ ಉದುರುತ್ತದೆ, ಬುಡದಲ್ಲಿ ಮೊಗ್ಗು ಅಕ್ಕಿಕಾಳಿನಂತೆ ಉಬ್ಬುತ್ತದೆ. ಅದೇ ಹದ. ಆವತ್ತು ಕತ್ತರಿಸಿ ತಂದು ಸಸಿಯ ಮೇಲೆ ಕೂರಿಸಿದರೆ ಹತ್ತರಲ್ಲಿ ಏಳು ಬದುಕುತ್ತವೆ. ನಾನು ಏಣಿ ಹಾಕಿ ಹದಿನೈದು ರೆಂಬೆಗಳ ಎಲೆ ತೆಗೆದೆ. ಹತ್ತನೇ ದಿನಕ್ಕೆ ಬರಬೇಕು ಎಂದು ಮನಸ್ಸಿನಲ್ಲೇ ಎಣಿಸಿಕೊಂಡೆ.

ಹತ್ತನೇ ದಿನ ನರ್ಸರಿಯಲ್ಲಿ ದೊಡ್ಡ ತೋಟವೊಂದಕ್ಕೆ ಗಿಡ ತುಂಬಿಸುವ ಕೆಲಸವಿತ್ತು. ಮೇಸ್ತ್ರಿ ರಜೆ ಕೊಡಲಿಲ್ಲ. ಹನ್ನೊಂದನೇ ದಿನ ಕೊಟ್ಟಿದ್ದ, ನಾನೇ ಹೋಗಲಿಲ್ಲ. ಮೈಕೈ ನೋವು ಎಂದು ಮನೆಯಲ್ಲಿ ಮಲಗಿದ್ದೆ. ಹನ್ನೆರಡನೇ ದಿನ ಯಾರದೋ ಮನೆಯ ನಾಮಕರಣ, ಬಾಡೂಟ. ಇಷ್ಟು ವರ್ಷದಿಂದ ನಿಂತಿರುವ ಮರ, ನಾಳೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಬೈಕಿನಲ್ಲಿ ಇಪ್ಪತ್ತು ನಿಮಿಷದ ದಾರಿ ಅದು.

ಹದಿನಾಲ್ಕನೇ ದಿನ ಮಧ್ಯಾಹ್ನ ಊರಿನಿಂದ ಫೋನು ಬಂತು. "ನಿಮ್ ಮರ ಮಲಗ್ಸವ್ರೆ ಗುರು."

ಹೋಗಿ ನೋಡಿದರೆ ಮರ ಬದುವಿಗೆ ಅಡ್ಡಲಾಗಿ ಬಿದ್ದಿತ್ತು. ಬುಡದಿಂದ ಇನ್ನೂ ನೀರು ಜಿನುಗುತ್ತಿತ್ತು. ನಾನು ಎಲೆ ತೆಗೆದ ರೆಂಬೆಗಳು ನೆಲದಿಂದ ಎದೆಯೆತ್ತರಕ್ಕೇ ಬಂದು ಕೂತಿದ್ದವು. ತೊಟ್ಟೆಲ್ಲ ಉದುರಿತ್ತು, ಮೊಗ್ಗು ಹಸಿರಾಗಿ ಉಬ್ಬಿತ್ತು. ಅಂಥ ಹದವಾದ ಕಡ್ಡಿ ನಾನು ಮತ್ತೆ ನೋಡಿಲ್ಲ. ಏಣಿಯೂ ಬೇಕಿರಲಿಲ್ಲ. ಕಸಿ ಚಾಕು ಜೇಬಿನಲ್ಲಿತ್ತು. ಹತ್ತು ಕಡ್ಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದಿದ್ದರೆ ಮೂರು ದಿನ ಬೇಕಾದರೂ ಇರುತ್ತಿದ್ದವು. ಮರ ಕಡಿದ ದಿನವೇ ಕಡ್ಡಿ ಸಾಯುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ನಾನು ಚಾಕು ತೆಗೆಯಲಿಲ್ಲ, ಜಗಳ ತೆಗೆದೆ.

"ಒಂದು ಮಾತು ಹೇಳೋಕೆ ಏನಾಗಿತ್ತಣ್ಣ ನಿಂಗೆ?" ಎಂದು ಚಿಕ್ಕಪ್ಪನ ಮಗನ ಮೇಲೆ ಹೋದೆ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು.

"ನನ್ ಬದು, ನನ್ ಮರ. ನಿನ್ ಅಪ್ಪಣೆ ತಗೋಬೇಕಿತ್ತೇನ್ಲಾ?"

"ರೆಂಬೆ ಹದ ಮಾಡಿಟ್ಟಿದ್ನಲ್ಲ, ಕಣ್ಣಿಗೆ ಕಾಣ್ಲಿಲ್ವಾ?"

"ಕಾಣ್ತು ಕಣಪ್ಪ. ಹದಿನೈದು ರೆಂಬೆ ಬೋಳಿಸಿ ಹೋಗಿದ್ಯಲ್ಲ, ನಮ್ಗೆ ಮಾಟ ಗೀಟ ಮಾಡ್ಸವ್ನೆ ಅಂದ್ಕೊಂಡ್ವಿ. ನಮ್ಮವ್ವ ನಿಂಬೆಹಣ್ಣು ಬೇರೆ ಕುಯ್ದು ಹಾಕುದ್ಲು."

ಗರಗಸ ಹಿಡಿದಿದ್ದ ಕೂಲಿಯವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಬದು ಯಾರದು, ತಾತ ಏನು ಹೇಳಿದ್ದ, ಅಳತೆಯವನಿಗೆ ಯಾರು ಬಿರಿಯಾನಿ ತಿನ್ನಿಸಿದರು ಎಂದೆಲ್ಲ ಕೂಗಾಡಿದೆ. ಬಿಸಿಲು ನೆತ್ತಿಯಿಂದ ಇಳಿಯುವವರೆಗೂ ಕೂಗಾಡಿದೆ. ಕೊನೆಗೆ ಅವನಿಗೂ ಸಾಕಾಯಿತು.

"ಕಡ್ಡಿ ತಾನೆ ನಿಂಗೆ ಬೇಕಿರೋದು? ತಗೊಂಡ್ಹೋಗು. ಭಿಕ್ಷೆ ಹಾಕ್ದೆ ಅನ್ಕೋತೀನಿ."

"ನಿನ್ ಭಿಕ್ಷೆ ನೀನೇ ಇಟ್ಕೋ. ನಿನ್ ಬದುವಿನ ಒಂದೆಲೆ ಮುಟ್ಟುದ್ರೆ ಕೇಳು," ಎಂದು ಹೇಳಿ ಬೈಕು ಹತ್ತಿ ಬಂದುಬಿಟ್ಟೆ. ಬರುವಾಗ ದಾರಿಯುದ್ದಕ್ಕೂ ನಾನೇ ಗೆದ್ದೆ ಎಂಬ ಭಾವನೆ ಇತ್ತು. ಅಕ್ಕನ ನೆನಪು ಬಂದದ್ದು ಮನೆಯ ಹೊಸ್ತಿಲು ದಾಟುವಾಗ.

ಬೆಳಗ್ಗೆ ಬೆಳಕು ಹರಿಯುತ್ತಲೇ ಮತ್ತೆ ಹೋದೆ. ಸೌದೆ ಲಾರಿ ಬಂದು ಹೋಗಿತ್ತು. ಜೆಸಿಬಿ ಬುಡವನ್ನು ಬೇರುಸಮೇತ ಎತ್ತಿ ಗುಂಡಿ ಮುಚ್ಚಿತ್ತು. ಸಣ್ಣ ರೆಂಬೆಗಳನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದರು. ಟ್ರ್ಯಾಕ್ಟರ್ ಚಕ್ರದ ಕೆಳಗೆ ಸಿಕ್ಕಿ ಉಳಿದಿದ್ದ ಏಳೆಂಟು ಕಡ್ಡಿ ಆರಿಸಿಕೊಂಡು ಬಂದೆ. ಸಿಪ್ಪೆ ಸುಕ್ಕಾಗಿತ್ತು, ಮೊಗ್ಗು ಕಪ್ಪಾಗಿತ್ತು. ಆದರೂ ಕಟ್ಟಿದೆ, ನೆರಳಿನಲ್ಲಿಟ್ಟೆ, ಪ್ಲಾಸ್ಟಿಕ್ ಕವರು ಮುಚ್ಚಿದೆ. ಮೂರು ವಾರದಲ್ಲಿ ಒಂದೊಂದಾಗಿ ಎಲ್ಲವೂ ಒಣಗಿದವು.

ಅಷ್ಟರಲ್ಲಿ ಅಕ್ಕನ ಫೋನು. ಮರ ಕಡಿದ ಸುದ್ದಿ ಅವಳಿಗೆ ತಲುಪಿತ್ತು. "ಹೋಯ್ತಂತಲ್ಲೋ. ನೀನು ಕಡ್ಡಿ ತಗೊಂಡಿದ್ದೆ ತಾನೆ?"

ಹೂಂ ಎಂದೆ. ಆ ಒಂದು ಹೂಂ ಬದಲು ಇಲ್ಲ ಎಂದಿದ್ದರೆ ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಅದು ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟೂ ಧೈರ್ಯ ಆಗಲಿಲ್ಲ. ಹಕ್ಕು ಬಿಟ್ಟುಕೊಟ್ಟ ಕಾಗದದ ಮೇಲಿನ ಅವಳ ಫೋಟೊ ಇನ್ನೂ ಹೊಸದಾಗಿತ್ತು.

ನಮ್ಮ ನರ್ಸರಿಯಲ್ಲಿ ಹೊರಗಿನಿಂದ ತರಿಸಿದ ನೇರಳೆಯ ತಾಯಿಮರ ಒಂದಿದೆ. ದಪ್ಪ ಹಣ್ಣು, ಬೇಗ ಬರುತ್ತದೆ, ಗಿರಾಕಿಗಳು ಮುಗಿಬೀಳುತ್ತಾರೆ. ಅದರಿಂದ ನಾನೇ ಕಟ್ಟಿದ್ದ, ಚೆನ್ನಾಗಿ ಚಿಗುರಿದ್ದ ಒಂದು ಗಿಡ ಎತ್ತಿಕೊಂಡೆ. ಹಳೇ ಚೀಟಿ ಬಿಚ್ಚಿದೆ. ಹೊಸ ಚೀಟಿಯಲ್ಲಿ 'ಆಷಾಢದ ನೇರಳೆ' ಎಂದು ದುಂಡಗೆ ಬರೆದು ಕಟ್ಟಿದೆ. ಮುಂದೆ ಎಲ್ಲಾದರೂ ಆ ಜಾತಿ ಸಿಕ್ಕರೆ ಅದರ ಕಡ್ಡಿ ತಂದು ಇದೇ ಗಿಡದ ಮೇಲೆ ಕೂರಿಸಿಬಿಡೋಣ, ಅವಳಿಗೆ ತಿಳಿಯುವುದೂ ಬೇಡ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಕ್ಕನನ್ನು ಕೊಟ್ಟಿರುವುದು ದೇವನಹಳ್ಳಿ ತಾಲ್ಲೂಕು, ಚನ್ನರಾಯಪಟ್ಟಣ ಹೋಬಳಿಗೆ. ಕೈಗಾರಿಕೆಗೆ ಸರ್ಕಾರ ಜಮೀನು ತೆಗೆದುಕೊಳ್ಳುತ್ತದೆ, ತಮ್ಮದು ಉಳಿಯುತ್ತದೋ ಇಲ್ಲವೋ ಎಂದು ಆಗ ಆ ಕಡೆಯವರೆಲ್ಲ ಆತಂಕದಲ್ಲಿದ್ದರು. ಅದಕ್ಕೇ ಅಕ್ಕ ಗಿಡವನ್ನು ಹೊಲದಲ್ಲಿ ಇಡದೆ ಮನೆಯ ಹಿತ್ತಲಲ್ಲೇ ಇಟ್ಟಳು. ಅಕ್ಕಿ ತೊಳೆದ ನೀರು ಅದಕ್ಕೆ, ಒಲೆಯ ಬೂದಿ ಅದಕ್ಕೆ. ಆಡು ತಿನ್ನದಂತೆ ಸುತ್ತ ಮುಳ್ಳು. "ಇವತ್ತು ಹೊಸಾದು ನಾಕೆಲೆ ಬಿಟ್ಟೈತೆ ಕಣೋ," ಎಂದು ಫೋನು ಮಾಡುತ್ತಿದ್ದಳು. ನನ್ನ ಮಕ್ಕಳಿಗೆ ಜ್ವರ ಬಂದದ್ದನ್ನು ನಾನು ಅವಳಿಗೆ ಅಷ್ಟು ವಿವರವಾಗಿ ಹೇಳಿರಲಿಲ್ಲ.

ನಾನು ಹುಡುಕಲಿಲ್ಲ ಎಂದಲ್ಲ. ಆ ಐದಾರು ಊರುಗಳನ್ನೂ ಸುತ್ತಿದೆ. ಒಂದು ಕಡೆ ಮರ ಇದ್ದ ಜಾಗದಲ್ಲಿ ಗೋಡೌನು. ಇನ್ನೊಂದು ಕಡೆ ರಸ್ತೆ ಅಗಲವಾಗಿತ್ತು. ಮತ್ತೊಂದು ಊರಿನಲ್ಲಿ ಮರದ ಯಜಮಾನರೇ ಕಡಿಸಿದ್ದರು. ಎಲ್ಲರ ಹಣ್ಣು ಮಾರ್ಕೆಟ್ಟಿಗೆ ಹೋಗಿ ಮುಗಿದ ಮೇಲೆ ಇದು ಹಣ್ಣಾದರೆ ಯಾರಿಗೆ ಬೇಕು ಎಂದರು. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನೇರಳೆ ಅಂದ್ರೆ ನೇರಳೆ ಅಲ್ವೇನಪ್ಪಾ? ಅದ್ಕ್ಯಾಕಿಷ್ಟು ಓಡಾಡ್ತೀಯ?" ಬೆಟ್ಟದ ತಪ್ಪಲಿನಲ್ಲಿ ಒಂದು ಮರ ತೋರಿಸಿ ಇದೇ ಅದು ಎಂದರು. ಎಲೆ ನೋಡಿ ಹೇಳಲು ಬರುವುದಿಲ್ಲ, ಹಣ್ಣಿನ ಕಾಲ ನೋಡಿಯೇ ಹೇಳಬೇಕು. ಒಂದು ವರ್ಷ ಕಾದೆ. ಆಷಾಢದಲ್ಲಿ ಹೋದರೆ ಮರದ ಕೆಳಗೆ ಹಳೇ ಬೀಜಗಳು ಒಣಗಿ ಬಿದ್ದಿದ್ದವು. ಹಣ್ಣು ಯಾವಾಗಲೋ ಮುಗಿದಿತ್ತು. ಮತ್ತೊಂದು ಮರಕ್ಕೆ ಮತ್ತೊಂದು ವರ್ಷ. ವರ್ಷಕ್ಕೆ ಒಂದೇ ಸಲ ಉತ್ತರ ಕೊಡುವ ವಸ್ತುವನ್ನು ಹುಡುಕುವುದು ಎಷ್ಟು ರೇಜಿಗೆಯ ಕೆಲಸ ಎಂದು ಹುಡುಕಿದವನಿಗೇ ಗೊತ್ತು. ನಮ್ಮ ಅವ್ವ ಬೀಜ ಒಣಗಿಸಿ ಪುಡಿ ಮಾಡಿ ಸಕ್ಕರೆ ಕಾಯಿಲೆಯವರಿಗೆಲ್ಲ ಹಂಚಿದಳು, ಒಂದು ಬೀಜವನ್ನಾದರೂ ಮಣ್ಣಿಗೆ ಹಾಕಬಾರದಿತ್ತೇ ಎಂದು ಸತ್ತವಳ ಮೇಲೂ ಸಿಟ್ಟು ಬರುತ್ತಿತ್ತು.

ಅಕ್ಕನಿಗೆ ಇದ್ಯಾವುದೂ ತಿಳಿಯದು. ಒಂದು ಸಲ ಹೋದಾಗ, "ನಿಮ್ ನರ್ಸರೀಲೂ ಇದ್ರ ಕಡ್ಡಿ ತಗೊಂಡು ಹತ್ತಾರು ಮಾಡೋ. ನಮ್ ಮರದ ಜಾತಿ ಉಳೀಲಿ," ಎಂದಳು.

"ಇನ್ನೂ ಎಳೇದಕ್ಕ. ಹಣ್ಣು ಬಿಡ್ಲಿ ತಡಿ."

"ನೀನೊಬ್ಬ. ಎಲ್ಲಾದಕ್ಕೂ ತಡಿ, ತಡಿ."

ಆರನೇ ವರ್ಷದ ಬೇಸಗೆಯಲ್ಲಿ ಅಕ್ಕನ ಮಗಳ ಮದುವೆಯಾಯಿತು. ಅದೇ ವರ್ಷ ಗಿಡ ಮೊದಲ ಸಲ ಹೂ ಕಚ್ಚಿತು. ಅಕ್ಕನ ಸಂತೋಷ ಹೇಳತೀರದು. ಬೀಗರ ಎದುರಿಗೂ ಇದನ್ನೇ ಹೇಳಿಕೊಂಡಳಂತೆ. ಸೋದರಮಾವನಾಗಿ ಹುಡುಗಿಯನ್ನು ಮಂಟಪಕ್ಕೆ ಕರೆದುಕೊಂಡು ಬಂದವನು ನಾನೇ.

ಜ್ಯೇಷ್ಠ ಹುಟ್ಟಿ ಹತ್ತು ದಿನವಾಗಿತ್ತು. ಅಕ್ಕನ ಫೋನು. "ಲೇ, ಕಾಯಿ ಬಣ್ಣ ತಿರುಗ್ಬಿಟ್ಟೈತೆ. ಇಷ್ಟು ಬೇಗ ಯಾಕೋ?"

"ಮೊದಲನೇ ಫಸಲು ಹಂಗೇ ಅಕ್ಕ," ಎಂದೆ. ಬಾಯಿಗೆ ಬಂದದ್ದು ಹೇಳಿದೆ.

ಇದ್ದದ್ದು ಆರೇಳು ಗೊಂಚಲು. ಮಗಳು ಬರುವವರೆಗೆ ಉಳಿಯಲಿ ಎಂದು ಅಕ್ಕ ಒಂದೊಂದು ಗೊಂಚಲಿಗೂ ಹಳೇ ಪಂಚೆಯ ಬಟ್ಟೆ ಸುತ್ತಿದಳು. ಹಣ್ಣು ಬಟ್ಟೆಯೊಳಗೇ ಕಳಿತು, ಸೋರಿ, ಹುಳ ಬಿದ್ದವು. ಬಟ್ಟೆ ಬಿಚ್ಚಿ ತೋರಿಸುತ್ತ ವಿಡಿಯೊ ಕಾಲಿನಲ್ಲಿ ಅಂದಳು, "ನಾನೇ ನೀರು ಜಾಸ್ತಿ ಹಾಕ್ಬಿಟ್ಟೆ ಅಂತ ಕಾಣ್ತದೆ ಕಣೋ. ಗೊಬ್ಬರಾನೂ ಜಾಸ್ತಿ ಆಯ್ತೇನೋ. ಅವಸರ ಪಡಿಸ್ದೆ."

"ಇರ್ಬೋದು," ಎಂದೆ.

ಕಡ್ಡಿ ಕತ್ತರಿಸದೇ ಬಂದದ್ದಕ್ಕಿಂತ, ಸುಳ್ಳು ಚೀಟಿ ಕಟ್ಟಿದ್ದಕ್ಕಿಂತ, ಆ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ. ನನ್ನ ತಪ್ಪನ್ನು ಅವಳು ತಾನಾಗಿ ತಲೆಯ ಮೇಲೆ ಎತ್ತಿಕೊಂಡಾಗ ನಾನು ಇನ್ನೊಂದು ಕೈ ಹಾಕಿ ಅದನ್ನು ಸರಿಯಾಗಿ ಕೂರಿಸಿದೆ.

ಆಷಾಢದ ಮೊದಲ ವಾರ ಅಕ್ಕನ ಮಗಳು ತವರಿಗೆ ಬಂದಳು. ಅವಳನ್ನು ನೋಡಲು ನಾನೂ ಹೋದೆ. ದೇವನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಕೊನೆಯ ನೇರಳೆ ಮಾರುತ್ತಿದ್ದರು, ನಾಚಿಕೆಯಿಲ್ಲದೆ ಅದನ್ನೂ ಒಂದಿಷ್ಟು ಕಟ್ಟಿಸಿಕೊಂಡೆ. ಹಿತ್ತಲ ಬಾಗಿಲಲ್ಲಿ ತಾಯಿ ಮಗಳು ಇಬ್ಬರೂ ಕೂತಿದ್ದರು.

"ಬಾ ಮಾವ," ಎಂದಳು ಹುಡುಗಿ. "ನೋಡು, ನಮ್ಮಮ್ಮ ನೇರಳೆ ಹಣ್ಣು ಅಂತ ಊರಿಗೆಲ್ಲ ಡಂಗುರ ಹೊಡ್ದು ಕರೆಸ್ಕೊಂಡವ್ಳೆ. ಮರದಲ್ಲಿ ಬರೀ ಎಲೆ. ಮೇಕೆ ಆಗಿದ್ರೆ ನಾನು ಹೊಟ್ಟೆ ತುಂಬ ತಿನ್ಬೋದಿತ್ತು."

ನಗುತ್ತಿದ್ದವಳು ಅಕ್ಕನ ಮುಖ ನೋಡಿ ಅವಳ ಪಕ್ಕಕ್ಕೆ ಸರಿದು ಕೂತಳು. ಅಕ್ಕ ನಾನು ತಂದ ಪೊಟ್ಟಣ ಬಿಚ್ಚಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಪೊಟ್ಟಣವನ್ನು ಹಾಗೇ ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಮಗಳ ತಲೆ ನೇವರಿಸುತ್ತ, "ನಮ್ಮವ್ವ ನಂಗೆ ಕೊಟ್ಟಿದ್ದನ್ನ ನಿಂಗೆ ಕೊಡೋಕಾಗ್ಲಿಲ್ಲ ಮಗ. ನನ್ ಕೈಗುಣಾನೇ ಸರಿಯಿಲ್ಲ," ಎಂದಳು.

ನಾನು ಹುಡುಗಿಗೆ, "ಒಂಚೂರು ಕಾಫಿ ಮಾಡ್ಕೊಂಡು ಬಾರವ್ವ," ಎಂದೆ. ಅವಳು ಒಳಗೆ ಹೋದಳು.

"ಅಕ್ಕ, ಇದು ನಮ್ ಮರದ ಗಿಡ ಅಲ್ಲ."

ಅಕ್ಕನಿಗೆ ತಕ್ಷಣ ತಿಳಿಯಲಿಲ್ಲ. "ಏನಂದೆ?"

ಹೇಳಿದೆ. ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಮೇಸ್ತ್ರಿ ರಜೆ ಕೊಡದ್ದು, ಚಿಕ್ಕಪ್ಪನ ಮಗ ಒಂದು ಮಾತೂ ಹೇಳದೆ ಕಡಿಸಿದ್ದು, ಕೂಲಿಯವರ ಎದುರು ಭಿಕ್ಷೆ ಎಂದದ್ದು, ಬಿಸಿಲಿಗೆ ಕಡ್ಡಿ ಒಣಗಿದ್ದು, ಊರೂರು ತಿರುಗಿದ್ದು, ತಪ್ಪಲಿನ ಮರ ಕೈಕೊಟ್ಟಿದ್ದು. ಅಕ್ಕ ತೊಡೆಯ ಮೇಲಿದ್ದ ಮೊರವನ್ನು ಕೆಳಗಿಟ್ಟು ಗೋಡೆಗೆ ಒರಗಿದಳು. ಕಣ್ಣು ಒದ್ದೆಯಾಗಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ನಾನು ಮುಗಿಸಿದ ಮೇಲೆ ಕೇಳಿದಳು. "ಆರು ವರ್ಷ?"

"ಹೂಂ."

"ನೀರು ಜಾಸ್ತಿ ಆಯ್ತೇನೋ ಅಂದಾಗ, ಇರ್ಬೋದು ಅಂದ್ಯಲ್ಲೋ."

ನಾನು ತಂದಿದ್ದ ಪೊಟ್ಟಣವನ್ನು ಅಕ್ಕ ನನ್ನ ಕಡೆಗೇ ಸರಿಸಿದಳು.

"ಮರ ಕಡ್ದೋನು ಅವ್ನು. ರಜ ಕೊಡ್ದೋನು ಮೇಸ್ತ್ರಿ. ಕಡ್ಡಿ ಒಣಗ್ಸಿದ್ದು ಬಿಸ್ಲು. ಎಲ್ರುದೂ ಹೇಳ್ದೆ. ಇದ್ರಲ್ಲಿ ನೀನೇನ್ ಮಾಡ್ದೆ, ಅದನ್ನ ಹೇಳು."

ಒಳಗೆ ಸ್ಟೌವಿನ ಸದ್ದು ನಿಂತಿತ್ತು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು. ನಮ್ಮ ಮನೆಗಳಲ್ಲಿ ಗಂಡಸರು ಅಕ್ಕತಂಗಿಯರ ಹತ್ತಿರ ತಪ್ಪಾಯಿತು ಎನ್ನುವುದಿಲ್ಲ. ಗೌರಿಹಬ್ಬಕ್ಕೆ ಒಂದು ಒಳ್ಳೇ ಸೀರೆ ತಂದು ಕೊಡುತ್ತೇವೆ, ಅವರು ಅರ್ಥ ಮಾಡಿಕೊಳ್ಳುತ್ತಾರೆ, ಅಲ್ಲಿಗೆ ಸರಿಹೋಗುತ್ತದೆ. ತಪ್ಪಾಯಿತು ಎಂಬ ಮಾತನ್ನು ನಾನು ದೇವರ ಮುಂದೆ ಹೇಳಿದ್ದುಂಟು, ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ ಪೊಲೀಸಿನವರ ಮುಂದೆ ಹೇಳಿದ್ದುಂಟು. ಒಡಹುಟ್ಟಿದವಳ ಮುಂದೆ ಆ ಮಾತು ನಾಲಗೆಯಿಂದ ಏಳಲೇ ಇಲ್ಲ. ಅಕ್ಕ ಕಾಯುತ್ತ ಕೂತಿದ್ದಳು. ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಮೂರನೇ ಸಲ, ಒಳಗಿದ್ದ ಹುಡುಗಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಕಡ್ಡಿ ನನ್ ಕಣ್ಮುಂದೆ ಇತ್ತಕ್ಕ, ಚಾಕು ನನ್ ಜೇಬಲ್ಲಿತ್ತು, ನಾನು ಕುಯ್ಯಲಿಲ್ಲ. ಕೊಬ್ಬು ಮಾಡ್ಕೊಂಡು ಎದ್ದು ಬಂದೆ. ಬೇರೆ ಗಿಡ ತಂದು ನಿಂಗೆ ಸುಳ್ಳು ಹೇಳ್ದೆ. ತಪ್ಪನ್ನ ನೀನು ನಿನ್ ಮೇಲೆ ಹಾಕ್ಕೊಂಡಾಗ್ಲೂ ಸುಮ್ನಿದ್ದೆ. ಇದ್ರಲ್ಲಿ ಬೇರೆ ಯಾರ್ದೂ ಇಲ್ಲ, ನಿನ್ ಕೈಗುಣದ್ದೂ ಇಲ್ಲ. ಎಲ್ಲಾ ನಂದೇ. ತಪ್ಪಾಯ್ತು ಕಣಕ್ಕ."